ಸ್ಟ್ರಾಟ್ ಆಕಾರದ ಅಗ್ಗದ ಗಿಟಾರ್: 'ಲೈಸೆನ್ಸ್' ಅಂತ ಇದ್ದರೆ ಜಾಸ್ತಿ ದುಡ್ಡು ಯಾಕೆ?

ಹೊಸತಂತಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯಲ್ಲಿ ಒಂದು ಸಣ್ಣ ಸಂಗೀತ ಶಾಲೆ ನಡೆಸುತ್ತೇವೆ. ಹಾರ್ಮೋನಿಯಂ, ತಬಲಾ, ಸ್ವಲ್ಪ ಕೀಬೋರ್ಡ್. ಈ ವರ್ಷ ಮಕ್ಕಳು ಎಲೆಕ್ಟ್ರಿಕ್ ಗಿಟಾರ್ ಬೇಕೇ ಬೇಕು ಅಂತ ಹಠ ಹಿಡಿದಿದ್ದಾರೆ. ಶಾಲೆಗೆ ನಾಲ್ಕು ಗಿಟಾರ್, ಎರಡು ಆಂಪ್ ತರಬೇಕು. ಕೈ ಸ್ವಲ್ಪ ಬಿಗಿ ಇದೆ.

ಹೈದರಾಬಾದಿನ ಅಂಗಡಿಯಲ್ಲಿ ಮೂರು ತರಹದ್ದು ತೋರಿಸಿದರು. ಮೂರಕ್ಕೂ ಅದೇ ಎರಡು ಕೊಂಬಿನ ಸ್ಟ್ರಾಟ್ ಆಕಾರ, ಅಂದರೆ ಅಮೆರಿಕದ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನದ್ದು. ಒಂದರ ಮೇಲೆ ನಾನು ಕೇಳೇ ಇರದ ಹೆಸರು, ಹತ್ತು ಸಾವಿರದ ಒಳಗೆ. ಇನ್ನೊಂದು ಸ್ಕ್ವೈರ್, ಅದರ ಎರಡು ಪಟ್ಟು. ಮೂರನೆಯದು ನಡುವಿನ ಬೆಲೆ. ಅದರ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ) ಮೇಲೆ 'ಲೈಸೆನ್ಸ್ ಪಡೆದು ಮಾಡಿದ್ದು' ಅಂತ ಇಂಗ್ಲಿಷಿನಲ್ಲಿ ಕೊರೆದಿತ್ತು. ಅಂಗಡಿಯವರು "ಇದು ಒರಿಜಿನಲ್ ಲೈಸೆನ್ಸ್ ಮಾಲು, ಅದಕ್ಕೇ ರೇಟು" ಅಂದರು. ಯಾವುದರ ಲೈಸೆನ್ಸ್ ಅಂದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ದುಡ್ಡು ಯಾರಿಗೆ ಹೋಗುತ್ತದೆ, ನಮಗೆ ಅದರಿಂದ ಏನು ಸಿಗುತ್ತದೆ? ಇನ್ನೊಂದು ವಿಷಯ. ನಮ್ಮ ಓಣಿಯ ಬಡಿಗಣ್ಣ "ಇಷ್ಟೇನಾ, ಸಾಗವಾನಿಯಲ್ಲಿ ನಾನೇ ಕೊರೆದು ಕೊಡುತ್ತೇನೆ, ಆಮೇಲೆ ಊರಿಗೆಲ್ಲಾ ಮಾರೋಣ" ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಆರ್ಕೆಸ್ಟ್ರಾ ಭಾಯಿ (ಕಲಬುರಗಿ)

ಅಕ್ಕಾ, ಅಗ್ಗದ್ದೇ ತೊಗೊಳ್ಳಿ. ಉಳಿದ ದುಡ್ಡಿಗೆ ಒಳ್ಳೆ ಆಂಪ್ ತೊಗೊಳ್ಳಿ. ಮದುವೆ, ಗಣಪತಿ, ಜಾತ್ರೆ ಎಲ್ಲಾ ಕಡೆ ನುಡಿಸಿದ್ದೇನೆ. ಕೆಳಗೆ ಕುರ್ಚಿಯಲ್ಲಿ ಕೂತವರು ಯಾರೂ ಗಿಟಾರಿನ ಹೆಸರು ಓದುವುದಿಲ್ಲ.

ಬೀದರ ಬಾಸ್ (ಬೀದರ)

ಭಾಯಿ ಹೇಳಿದ್ದು ಸ್ಟೇಜಿಗೆ ಸರಿ. ಕಲಿಯುವ ಮಕ್ಕಳ ಲೆಕ್ಕ ಬೇರೆ.

ಮೊದಲು ಸ್ಕ್ವೈರ್ ವಿಷಯ ಹೇಳುತ್ತೇನೆ. ಅದು ಲೈಸೆನ್ಸ್ ಗಿಟಾರ್ ಅಲ್ಲ. ಸ್ಕ್ವೈರ್ ಅನ್ನುವುದು ಫೆಂಡರ್‌ನ ಸ್ವಂತ ಹೆಸರು. ಮೊದಲು ಅದು ಅಮೆರಿಕದ ಮಿಷಿಗನ್‌ನಲ್ಲಿ ತಂತಿ ಮಾಡುವ ಕಂಪನಿಯಾಗಿತ್ತು. 1965ರಲ್ಲಿ ಫೆಂಡರ್ ಅದನ್ನು ಕೊಂಡಿತು. ಆಮೇಲೆ ಆ ಹೆಸರು ಸುಮ್ನೆ ಮೂಲೆಯಲ್ಲಿ ಬಿದ್ದಿತ್ತು. 1970ರ ದಶಕದಲ್ಲಿ ಜಪಾನಿನ ಟೋಕೈ, ಗ್ರೆಕೋ, ಫರ್ನಾಂಡಿಸ್ ಕಂಪನಿಗಳು ಫೆಂಡರ್ ಗಿಟಾರಿನ ನಕಲು ಎಷ್ಟು ಚೆನ್ನಾಗಿ ಮಾಡಿದವು ಅಂದರೆ, ಅಸಲಿಯೇ ಅವುಗಳ ಮುಂದೆ ಮಂಕಾಯಿತು. ಬೆಲೆಯೂ ಕಡಿಮೆ. ಆಗ ಫೆಂಡರ್ ಏನು ಮಾಡಿತು ಗೊತ್ತಾ? 1982ರಲ್ಲಿ ಜಪಾನಿನ ಫುಜಿಜೆನ್ ಕಾರ್ಖಾನೆಯಲ್ಲೇ ತನ್ನ ಗಿಟಾರ್ ಮಾಡಿಸಲು ಶುರುಮಾಡಿತು. ಅಗ್ಗದ ಸಾಲಿಗೆ ಆ ಹಳೇ ತಂತಿ ಕಂಪನಿಯ ಹೆಸರು ಅಂಟಿಸಿತು. ಅದೇ ಇವತ್ತಿನ ಸ್ಕ್ವೈರ್.

ಎಪಿಫೋನ್ ಕಥೆಯೂ ಹತ್ತಿರ ಹತ್ತಿರ ಹೀಗೇ. ಅದು ನ್ಯೂಯಾರ್ಕಿನಲ್ಲಿ, ಅಮೆರಿಕದ ಇನ್ನೊಂದು ದೊಡ್ಡ ಗಿಟಾರ್ ಕಂಪನಿ ಗಿಬ್ಸನ್‌ಗೆ ಪೈಪೋಟಿ ಕೊಟ್ಟ ಕಂಪನಿ. 1957ರಲ್ಲಿ ಗಿಬ್ಸನ್‌ನ ಮಾಲೀಕ ಸಂಸ್ಥೆ ಅದನ್ನು ಕೊಂಡಿತು. ಮೊದಲು ಗಿಬ್ಸನ್ ಕಾರ್ಖಾನೆಯಲ್ಲೇ ಮಾಡುತ್ತಿದ್ದರು. 1970ರ ದಶಕದಲ್ಲಿ ಕೆಲಸ ಜಪಾನಿಗೆ ಹೋಯಿತು, ಆಮೇಲೆ ಕೊರಿಯಾ, ಆಮೇಲೆ ಚೀನಾ.

ಇಲ್ಲಿ ಹೊರಗಿನವರಿಗೆ ಲೈಸೆನ್ಸ್ ಕೊಡುವ ಮಾತೇ ಇಲ್ಲ. ಮಾಲೀಕನೂ ಅವನೇ, ಅಗ್ಗದ ಹೆಸರೂ ಅವನದೇ. ದೊಡ್ಡ ಹೆಸರಿನ ಬೆಲೆ ಕೆಳಗಿಳಿಯಬಾರದು, ಆದರೆ ಅಗ್ಗದ ಗಿರಾಕಿಯೂ ಕೈತಪ್ಪಬಾರದು. ಅದಕ್ಕೇ ಎರಡು ಹೆಸರು.

ಹೊಸತಂತಿ (ಕಲಬುರಗಿ)

ಥ್ಯಾಂಕ್ಸ್ ಅಣ್ಣಾ. ಹಾಗಾದರೆ ಆ ಹತ್ತು ಸಾವಿರದ ಗಿಟಾರ್ ಮಾಡಿದವರು ಯಾರ ಅಪ್ಪಣೆಯೂ ಇಲ್ಲದೆ ಅದೇ ಆಕಾರ ಮಾಡಿದ್ದಾರಲ್ವಾ? ಅದು ಕಳ್ಳಮಾಲಾ?

ಕೋರ್ಟ್ ಕಾಕಾ (ಕಲಬುರಗಿ)

ಅಲ್ಲಮ್ಮ, ಕಳ್ಳಮಾಲಲ್ಲ. ನಾನು ಇಲ್ಲೇ ಕೋರ್ಟಿನಲ್ಲಿ ವಕೀಲ. ಹೊಟ್ಟೆಪಾಡು ಜಮೀನು ತಗಾದೆಯಿಂದ, ಗಿಟಾರ್ ಹುಚ್ಚು ಬೇರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಜನ 'ಡಿಸೈನ್ ಹಕ್ಕು' ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಕಾಯ್ದೆಯಲ್ಲಿ ಅದು ಒಂದಲ್ಲ. ಹೊಸ ಯಂತ್ರ, ಹೊಸ ತಂತ್ರ ಕಂಡುಹಿಡಿದರೆ ಪೇಟೆಂಟ್. ನಮ್ಮ ದೇಶದಲ್ಲಿ 20 ವರ್ಷ, ಆಮೇಲೆ ಮುಗಿಯಿತು. ವಸ್ತುವಿನ ಹೊರಗಿನ ಅಂದಕ್ಕೆ 2000ದ ಡಿಸೈನ್ಸ್ ಕಾಯ್ದೆ ಇದೆ. ಮೊದಲು 10 ವರ್ಷ, ಕೇಳಿಕೊಂಡರೆ ಇನ್ನೂ 5. ಒಟ್ಟು 15. ಅದೂ ವಸ್ತು ಮಾರುಕಟ್ಟೆಗೆ ಬರುವ ಮೊದಲೇ ನೋಂದಣಿಗೆ ಅರ್ಜಿ ಹಾಕಿದ್ದರೆ ಮಾತ್ರ. ಟ್ರೇಡ್‌ಮಾರ್ಕ್ ಒಂದೇ ಎಂದಿಗೂ ಸಾಯದ್ದು. 10 ವರ್ಷಕ್ಕೊಮ್ಮೆ ಫೀಸು ಕಟ್ಟಿ ನವೀಕರಿಸುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಸ್ಟ್ರಾಟ್ ಬಂದದ್ದು 1954ರಲ್ಲಿ. ಗಿಬ್ಸನ್‌ನ ಲೆಸ್ ಪಾಲ್ ಗಿಟಾರ್ 1952ರಲ್ಲಿ. ಪೇಟೆಂಟ್, ಡಿಸೈನ್ ಹಕ್ಕು ಅಂತ ಏನಾದರೂ ಇದ್ದಿದ್ದರೂ ಎಂದೋ ಮುಗಿಯುತ್ತಿತ್ತು. ಹಾಗಾಗಿ ಕಂಪನಿಗಳು ಹಿಡಿದುಕೊಂಡಿದ್ದು ಟ್ರೇಡ್‌ಮಾರ್ಕನ್ನು. "ಈ ಆಕಾರ ನೋಡಿದ ಕೂಡಲೇ ಜನಕ್ಕೆ ನಮ್ಮ ಕಂಪನಿ ನೆನಪಾಗುತ್ತದೆ, ಆದ್ದರಿಂದ ಆಕಾರವೇ ನಮ್ಮ ಗುರುತು" ಅನ್ನುವ ವಾದ.

ಫೆಂಡರ್ ಇದನ್ನು ಅಮೆರಿಕದಲ್ಲಿ ಮಾಡಿ ನೋಡಿತು. ತನ್ನ ಸ್ಟ್ರಾಟ್, ಟೆಲಿ, ಪ್ರಿಸಿಷನ್ ಬಾಸ್ ಗಿಟಾರ್, ಮೂರರ ಬಾಡಿ ಆಕಾರಕ್ಕೂ ಅರ್ಜಿ ಹಾಕಿತು. ಬೇರೆ ಗಿಟಾರ್ ತಯಾರಕರು ಒಟ್ಟಾಗಿ ವಿರೋಧಿಸಿದರು. 2009ರಲ್ಲಿ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿ ಫೆಂಡರ್ ಅರ್ಜಿ ತಿರಸ್ಕರಿಸಿತು. ದಶಕಗಳಿಂದ ಎಷ್ಟೋ ಕಂಪನಿಗಳು ಇದೇ ಆಕಾರ ಮಾಡುತ್ತಿವೆ, ಇಷ್ಟು ದಿನ ಸುಮ್ಮನಿದ್ದು ಈಗ ನನ್ನದು ಅಂದರೆ ನಡೆಯುವುದಿಲ್ಲ ಅನ್ನುವುದು ಅದರ ಸಾರ. ಹೊಲದ ಬದುವಿನ ಕೇಸಿನಲ್ಲಿ ನಾನು ದಿನಾ ವಾದ ಮಾಡುವುದೂ ಇದನ್ನೇ ನೋಡಿ!

ಆದರೆ ಹೆಡ್‌ಸ್ಟಾಕ್, ಅಂದರೆ ಕಿವಿ ತಿರುವುವ ಆ ತಲೆಯ ಭಾಗ ಇದೆಯಲ್ಲ, ಅದರ ಆಕಾರ ಫೆಂಡರ್‌ನ ಟ್ರೇಡ್‌ಮಾರ್ಕ್. ಹೆಸರು, ಲೋಗೋ ಕೂಡ. ನಿಮ್ಮ ಹತ್ತು ಸಾವಿರದ ಗಿಟಾರನ್ನು ಇನ್ನೊಮ್ಮೆ ನೋಡಿ. ಬಾಡಿ ಅದೇ ಇರುತ್ತದೆ, ತಲೆ ಮಾತ್ರ ಸ್ವಲ್ಪ ಬೇರೆ ಇರುತ್ತದೆ. ಅದು ಬೇಕಂತಲೇ ಮಾಡಿದ್ದು.

ಗಿಬ್ಸನ್ ಇನ್ನೂ ಜಗಳಗಂಟ. 1977ರಲ್ಲಿ ಗಿಬ್ಸನ್‌ನ ಮಾಲೀಕ ಸಂಸ್ಥೆ, ಜಪಾನಿನ ಗಿಟಾರ್ ಹೆಸರು ಐಬಾನೆಜ್‌ನ ಅಮೆರಿಕದ ಕಂಪನಿ ಮೇಲೆ ಹೆಡ್‌ಸ್ಟಾಕ್ ಆಕಾರಕ್ಕಾಗಿಯೇ ದಾವೆ ಹಾಕಿತು. ಅದು ಕೋರ್ಟಿನ ಹೊರಗೆ ರಾಜಿಯಾಯಿತು. ಹಳೇ ಜಪಾನ್ ಗಿಟಾರ್ ಮಾರುವವರು ಈಗಲೂ 'ಲಾಸೂಟ್' ಗಿಟಾರ್ ಅಂತ ಬೆಲೆ ಏರಿಸುವುದು ಈ ಕೇಸಿನ ಹೆಸರಿನಲ್ಲಿ. ಪಿಆರ್‌ಎಸ್ ಕಂಪನಿಯ ಸಿಂಗಲ್‌ಕಟ್ ಗಿಟಾರ್ ಮೇಲೂ ಕೇಸು ಹಾಕಿದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, 2005ರಲ್ಲಿ ಅಪೀಲಿನಲ್ಲಿ ಸೋತರು. ಡೀನ್ ಗಿಟಾರ್ ಕಂಪನಿ ಮೇಲಿನ ಕೇಸಿನಲ್ಲಿ 2022ರಲ್ಲಿ ಜ್ಯೂರಿ ಬಹುಪಾಲು ಗಿಬ್ಸನ್ ಕಡೆ ನಿಂತಿತು. 2024ರಲ್ಲಿ ಅಪೀಲು ಕೋರ್ಟು ಮತ್ತೆ ವಿಚಾರಣೆ ಮಾಡಿ ಅಂತ ಕಳಿಸಿತು. ಬೇರೆ ಕಂಪನಿಗಳು ಹಿಂದಿನಿಂದ ಇದೇ ಆಕಾರ ಮಾಡುತ್ತಿದ್ದ ಸಾಕ್ಷ್ಯವನ್ನು ಜ್ಯೂರಿಗೆ ತೋರಿಸಿರಲಿಲ್ಲ ಅನ್ನುವುದು ಕಾರಣ. ಯುರೋಪಿನಲ್ಲಂತೂ 2019ರಲ್ಲೇ ಗಿಬ್ಸನ್‌ನ ಫ್ಲೈಯಿಂಗ್ ವಿ ಗಿಟಾರ್ ಆಕಾರದ ಟ್ರೇಡ್‌ಮಾರ್ಕ್ ಬಿದ್ದುಹೋಗಿದೆ.

ಆದ್ದರಿಂದ, ಸ್ಟ್ರಾಟ್ ಬಾಡಿ ಆಕಾರಕ್ಕೆ ಲೈಸೆನ್ಸ್ ದುಡ್ಡು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಯಾದಗಿರಿ ಹುಡುಗ (ಯಾದಗಿರಿ)

ನೋಡಿ, ನಾನು ಮೊದಲಿನಿಂದ ಹೇಳುತ್ತಿದ್ದೇನೆ. ಎಲ್ಲಾ ಒಂದೇ ಕಾರ್ಖಾನೆಯಿಂದ ಬರುತ್ತವೆ. ಇಂಡೋನೇಷ್ಯಾದಲ್ಲಿ ಕಾರ್ಟ್ ಕಂಪನಿಯವರ ಕಾರ್ಖಾನೆಯಲ್ಲೇ ಸ್ಕ್ವೈರ್, ಅಲ್ಲೇ ಐಬಾನೆಜ್, ಅಲ್ಲೇ ಪಿಆರ್‌ಎಸ್‌ನ ಅಗ್ಗದ ಸಾಲು ಎಸ್‌ಇ. ಸ್ಟಿಕರ್ ಬದಲಾದರೆ ರೇಟು ಬದಲು. ಬರೀ ಲೂಟಿ.

ಸೆಟಪ್ ಮಾಮಾ (ಹೈದರಾಬಾದ್, ಊರು ಸೇಡಂ)

ತಮ್ಮಾ, ಎಷ್ಟೋ ಸಲ ಕಾರ್ಖಾನೆ ಒಂದೇ ಅನ್ನುವುದು ನಿಜ. ಅದರಿಂದ ಗಿಟಾರ್ ಒಂದೇ ಅನ್ನುವುದು ಸುಳ್ಳು. ನಾನು ಗಿಟಾರ್ ರಿಪೇರಿ ಮಾಡುವವನು, ದಿನಾ ಇವುಗಳ ಹೊಟ್ಟೆ ಬಿಚ್ಚುತ್ತೇನೆ.

ಒಂದೇ ಹೊಲಿಗೆಯವನ ಹತ್ತಿರ ಇನ್ನೂರು ರೂಪಾಯಿ ಬಟ್ಟೆ ಕೊಟ್ಟರೆ ಒಂದು ಅಂಗಿ, ಸಾವಿರದ ಬಟ್ಟೆ ಕೊಟ್ಟರೆ ಇನ್ನೊಂದು ಅಂಗಿ ಬರುತ್ತದಲ್ವಾ? ಕಂಪನಿ ಕಾರ್ಖಾನೆಗೆ ಒಂದು ಪಟ್ಟಿ ಕೊಡುತ್ತದೆ. ತಂತಿಯ ಸದ್ದು ಹಿಡಿಯುವ ಪಿಕಪ್ಪಿನಲ್ಲಿ ಸೆರಾಮಿಕ್ ಮ್ಯಾಗ್ನೆಟ್ ಇರಬೇಕಾ, ಅಲ್ನಿಕೊ ಇರಬೇಕಾ. ವಾಲ್ಯೂಮ್ ತಿರುವುವ ಪಾಟ್ ಸಣ್ಣದಾ, ಪೂರ್ತಿ ಸೈಜಿನದ್ದಾ. ಬ್ರಿಡ್ಜ್ ಕೆಳಗಿನ ಬ್ಲಾಕ್ ಜಿಂಕಿನದ್ದಾ, ಉಕ್ಕಿನದ್ದಾ. ತಲೆಯ ಕಡೆ ತಂತಿ ಕೂರುವ ನಟ್ ಪ್ಲಾಸ್ಟಿಕ್ಕಾ, ಎಲುಬಾ. ಎಲ್ಲಕ್ಕಿಂತ ಮುಖ್ಯ, ಫ್ರೆಟ್, ಅಂದರೆ ಗಿಟಾರಿನ ಕತ್ತಿನ (ನೆಕ್) ಮೇಲಿನ ಲೋಹದ ಪಟ್ಟಿಗಳ ಮೇಲೆ ಒಬ್ಬ ಕೆಲಸಗಾರ ಎಷ್ಟು ಹೊತ್ತು ಕೂರಬೇಕು, ನೂರು ಗಿಟಾರಿನಲ್ಲಿ ಎಷ್ಟನ್ನು ಬೇಡ ಅಂತ ವಾಪಸ್ ಇಡಬೇಕು. ಕಣ್ಣಿಗೆ ಕಾಣದ ಖರ್ಚು ಇಲ್ಲೇ ಇರುವುದು.

ಸ್ಕ್ವೈರ್ ಒಳಗೇ ಮೆಟ್ಟಿಲುಗಳಿವೆ. ಸಾನಿಕ್, ಅದರ ಮೇಲೆ ಅಫಿನಿಟಿ, ಅದರ ಮೇಲೆ ಕ್ಲಾಸಿಕ್ ವೈಬ್. ಸಾನಿಕ್‌ನ ಬಾಡಿ ತೆಳ್ಳಗೆ, ಸೆರಾಮಿಕ್ ಪಿಕಪ್. ಕ್ಲಾಸಿಕ್ ವೈಬ್‌ಗೆ ಬಂದರೆ ಅಲ್ನಿಕೊ ಪಿಕಪ್, ಒಳ್ಳೆ ಫಿನಿಶ್. ಅದರ ಮೇಲೆ ಮೆಕ್ಸಿಕೋದ ಫೆಂಡರ್, ಅದರ ಮೇಲೆ ಅಮೆರಿಕದ್ದು. ಪ್ರತಿ ಮೆಟ್ಟಿಲಿನಲ್ಲೂ ಏನಾದರೂ ಒಂದನ್ನು ಬೇಕಂತಲೇ ಬಿಟ್ಟಿರುತ್ತಾರೆ. ಕೆಳಗಿನದು ತುಂಬಾ ಚೆನ್ನಾಗಾದರೆ ಮೇಲಿನದನ್ನು ಯಾರು ಕೊಳ್ಳುತ್ತಾರೆ?

ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಎಪಿಫೋನ್. ಎಷ್ಟೋ ವರ್ಷ ಎಪಿಫೋನ್ ಲೆಸ್ ಪಾಲ್‌ಗೆ ಗಿಬ್ಸನ್ ತಲೆ ಕೊಡುತ್ತಿರಲಿಲ್ಲ. ತೆರೆದಿಟ್ಟ ಪುಸ್ತಕದ ತರಹ ಇರುತ್ತದಲ್ಲ, ಆ ತಲೆ. 2023ರಲ್ಲಿ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಹೆಸರಿನ 'ಗ್ರೀನಿ' ಎಪಿಫೋನ್ ಬಂತು. ಅದಕ್ಕೆ ಗಿಬ್ಸನ್ ತಲೆಯ ಆಕಾರ ಕೊಟ್ಟರು, ಬೆಲೆ 1,499 ಡಾಲರ್ ಇಟ್ಟರು. 2024ರಲ್ಲಿ ಒಂದು ಇಡೀ ಸಾಲಿಗೆ ಅದೇ ತಲೆ ಬಂತು. ಮಾಮೂಲಿ ಎಪಿಫೋನ್ ಇದರ ಅರ್ಧ ಬೆಲೆಗೆ ಸಿಗುತ್ತದೆ. ಒಳಗೆ ಗಿಬ್ಸನ್ ಪಿಕಪ್, ಒಳ್ಳೆ ವೈರಿಂಗ್ ಇದ್ದದ್ದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಜನ ಮುಗಿಬಿದ್ದದ್ದು ಪಿಕಪ್ಪಿಗಾ, ತಲೆಗಾ? ನನ್ನ ಅಂಗಡಿಗೆ ಬಂದವರೆಲ್ಲ ಮಾತಾಡಿದ್ದು ತಲೆಯ ಬಗ್ಗೆಯೇ. ಮರದ ಒಂದು ತುದಿಯನ್ನು ಬೇರೆ ತರಹ ಕೊರೆಯಲು ಖರ್ಚೇನೂ ಜಾಸ್ತಿ ಆಗುವುದಿಲ್ಲ. ಇಷ್ಟು ದಿನ ಕೊಡದೇ ಇಟ್ಟದ್ದರಿಂದಲೇ ಅದಕ್ಕೆ ಬೆಲೆ.

ಯಾದಗಿರಿ ಹುಡುಗ (ಯಾದಗಿರಿ)

ಮಾಮಾ, ನೀವು ಹೇಳಿದ್ದು ನನ್ನ ಮಾತೇ ಆಯಿತಲ್ಲ! ತಲೆಗೆ ದುಡ್ಡು.

ಸೆಟಪ್ ಮಾಮಾ (ಹೈದರಾಬಾದ್, ಊರು ಸೇಡಂ)

ಅರ್ಧ ನಿನ್ನದು, ಅರ್ಧ ನನ್ನದು. ಅಕ್ಕನ ಬ್ರಿಡ್ಜ್ ಪ್ರಶ್ನೆ ಹಾಗೇ ಉಳಿಯಿತು ನೋಡು.

ಅಕ್ಕಾ, ಬ್ರಿಡ್ಜ್ ಮೇಲೆ ಲೈಸೆನ್ಸ್ ಅಂತ ಇದ್ದರೆ ಅದು ಹೆಚ್ಚಾಗಿ ಫ್ಲಾಯ್ಡ್ ರೋಸ್ ತರಹದ್ದು. ಫ್ಲಾಯ್ಡ್ ರೋಸ್ ಅನ್ನುವವರು ತಂತಿಯನ್ನು ಎರಡೂ ತುದಿಯಲ್ಲಿ ಸ್ಕ್ರೂ ಹಾಕಿ ಬಿಗಿಯುವ ಟ್ರೆಮೊಲೊ (ಹಿಡಿಕೆ ಒತ್ತಿ ಸ್ವರ ಜಗ್ಗಿಸುವ ಬ್ರಿಡ್ಜ್) ಕಂಡುಹಿಡಿದರು. 1979ರಲ್ಲಿ ಪೇಟೆಂಟ್ ಸಿಕ್ಕಿತು. 1980ರ ದಶಕದಲ್ಲಿ ಎಲ್ಲರಿಗೂ ಅದೇ ಬೇಕು. ಅವರೇ ಎಲ್ಲರಿಗೂ ಮಾಡಿ ಕೊಡಲು ಆಗುತ್ತದಾ? ಹಾಗಾಗಿ ಬೇರೆ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟರು. ನೀವು ನಮ್ಮ ಡಿಸೈನ್ ಪ್ರಕಾರ ಮಾಡಿಕೊಳ್ಳಿ, ಇಷ್ಟು ದುಡ್ಡು ಕೊಡಿ, 'ಲೈಸೆನ್ಸ್ ಪಡೆದದ್ದು' ಅಂತ ಕೊರೆಯಿರಿ ಅಂತ.

ಲೈಸೆನ್ಸ್ ಅಂದರೆ ಡಿಸೈನ್ ಬಳಸಲು ಅಪ್ಪಣೆ ಅಷ್ಟೇ. ಲೋಹ ಗಟ್ಟಿ ಇದೆ ಅನ್ನುವ ಗ್ಯಾರಂಟಿ ಅಲ್ಲ. ಅಸಲಿಯಲ್ಲಿ ಗಟ್ಟಿ ಉಕ್ಕು, ಲೈಸೆನ್ಸ್ ಅಗ್ಗದ್ದರಲ್ಲಿ ಎಷ್ಟೋ ಸಲ ಮೆತ್ತನೆ ಲೋಹ. ಬ್ರಿಡ್ಜ್ ಕೂರುವ ಚೂಪು ಅಂಚು ಇದೆಯಲ್ಲ, ಅದು ಸವೆದರೆ ಶ್ರುತಿ ನಿಲ್ಲುವುದೇ ಇಲ್ಲ. ಆ ಮೂಲ ಪೇಟೆಂಟೂ ಈಗ ಮುಗಿದುಹೋಗಿದೆ. ಕಲಿಯುವ ಮಕ್ಕಳಿಗೆ ಇದು ಬೇಡವೇ ಬೇಡ. ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಕ್ಲಾಸಿನ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ.

ನಿಜವಾದ ಡಿಸೈನ್ ಲೈಸೆನ್ಸ್ ಗಿಟಾರ್ ನೋಡಬೇಕೆಂದರೆ ಮ್ಯೂಸಿಕ್ ಮ್ಯಾನ್ ಅನ್ನುವ ಗಿಟಾರ್ ಕಂಪನಿ ಕಡೆ ನೋಡಿ. ಮೊದಲು ಒಎಲ್‌ಪಿ ಅಂತ ಬರುತ್ತಿತ್ತು. 'ಅಧಿಕೃತ ಲೈಸೆನ್ಸ್ ವಸ್ತು' ಅನ್ನುವುದನ್ನೇ ಗಿಟಾರಿನ ಹೆಸರು ಮಾಡಿಬಿಟ್ಟಿದ್ದರು. ಆಕಾರ ಮ್ಯೂಸಿಕ್ ಮ್ಯಾನ್‌ದು, ಮಾಡುವವರು ಬೇರೆ. 2009ರ ಸುಮಾರಿಗೆ ಅದರ ಜಾಗಕ್ಕೆ ಸ್ಟರ್ಲಿಂಗ್ ಬೈ ಮ್ಯೂಸಿಕ್ ಮ್ಯಾನ್ ಬಂತು. ಅದನ್ನೂ ಪ್ರಾಕ್ಸಿಸ್ ಅನ್ನುವ ಬೇರೆ ಕಂಪನಿ ಲೈಸೆನ್ಸ್ ಮೇಲೆ ಮಾಡಿಸುತ್ತದೆ. ಈ ಸಲ ಹೆಸರೂ ಕೊಟ್ಟರು, ಗುಣಮಟ್ಟವೂ ಏರಿತು, ಬೆಲೆಯೂ ಏರಿತು. ತಲೆ ಇಲ್ಲದ ಸ್ಟೈನ್‌ಬರ್ಗರ್ ಕೂಡ ಹಾಗೇ. 1980ರ ದಶಕದಲ್ಲಿ ಹೋನರ್ ಅದರ ಲೈಸೆನ್ಸ್ ತೆಗೆದುಕೊಂಡು ಅಗ್ಗದ್ದು ಮಾಡಿತು. ಫೆಂಡರ್ ಕೂಡ ವಾರ್ಮತ್, ಆಲ್‌ಪಾರ್ಟ್ಸ್ ತರಹದವರಿಗೆ ತನ್ನ ತಲೆಯ ಆಕಾರದ ನೆಕ್ ಮಾಡಲು ಲೈಸೆನ್ಸ್ ಕೊಟ್ಟಿದೆ. ಬಿಡಿ ಭಾಗಕ್ಕೆ ಮಾತ್ರ.

ಬೀದರ ಬಾಸ್ (ಬೀದರ)

ಇಲ್ಲಿ ಒಂದು ಮಾತು. ನಮ್ಮ ಬೀದರದಲ್ಲಿ ಮೆಥಡಿಸ್ಟ್ ಚರ್ಚುಗಳು ಬಹಳ, ಗಾಯನ ತಂಡಗಳೂ ಬಹಳ. ಹಳೇ ಮನೆಗಳಲ್ಲಿ ನೋಡಿದರೆ ಗಿವ್ಸನ್, ಹಾಬ್ನರ್ ಅಂತ ಹೆಸರಿನ ಅಕೂಸ್ಟಿಕ್ ಗಿಟಾರ್‌ಗಳು ಈಗಲೂ ಇವೆ. ಎರಡೂ ನಮ್ಮ ದೇಶದವೇ. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಅಷ್ಟೇ, ಯಾವ ಕಂಪನಿ ನೆನಪಾಗಬೇಕೋ ಅದು ನೆನಪಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಕಲಿತದ್ದು ಅವುಗಳ ಮೇಲೇ. ಲೈಸೆನ್ಸ್ ಗೀಸೆನ್ಸ್ ಯಾರೂ ಕೇಳಲಿಲ್ಲ. ತಂತಿ ಬೆರಳು ಕೊಯ್ಯುವಷ್ಟು ಮೇಲಿರುತ್ತಿತ್ತು, ಅದೇ ಸಂಕಟ.

ಕಾಕಾ, ನನಗೊಂದು ಸಂಶಯ. ನಮ್ಮ ಬಿದರಿ ಕೆಲಸಕ್ಕೆ ಜಿಐ (ಭೌಗೋಳಿಕ ಸೂಚಕ) ಇದೆ. ಅದರ ಹೂ ಬಳ್ಳಿ ಚಿತ್ತಾರ ಯಾರು ಬೇಕಾದರೂ ಬಿಡಿಸಬಹುದು, ಆದರೆ ಬಿದರಿ ಅಂತ ಹೆಸರಿಟ್ಟು ಮಾರುವ ಹಾಗಿಲ್ಲ. ಗಿಟಾರಿನದೂ ಹೀಗೇನಾ?

ಕೋರ್ಟ್ ಕಾಕಾ (ಕಲಬುರಗಿ)

ಸ್ವಲ್ಪ ಹೌದು, ಆದರೆ ದೊಡ್ಡ ವ್ಯತ್ಯಾಸ ಇದೆ. ಜಿಐ ಊರಿನ ಹಕ್ಕು. ಆ ಪ್ರದೇಶದಲ್ಲಿ ಆ ಪದ್ಧತಿಯಲ್ಲಿ ಮಾಡುವ ಯಾವ ಕುಶಲಕರ್ಮಿಯಾದರೂ ಅಧಿಕೃತ ಬಳಕೆದಾರ ಅಂತ ನೋಂದಾಯಿಸಿಕೊಳ್ಳಬಹುದು. ಆದರೆ ಅದನ್ನು ಲೈಸೆನ್ಸ್ ಕೊಡಲು, ಮಾರಲು, ಅಡವಿಡಲು ಕಾಯ್ದೆಯೇ ಬಿಡುವುದಿಲ್ಲ. ಜಿಐ ಕಾಯ್ದೆಯ 24ನೇ ಕಲಂ ನೋಡಿ. ನಾಳೆ ಚೀನಾದ ಕಾರ್ಖಾನೆಯವನು ರಾಯಲ್ಟಿ ಕೊಡುತ್ತೇನೆ, ಬಿದರಿ ಹೂಜಿ ಅಲ್ಲೇ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಟ್ರೇಡ್‌ಮಾರ್ಕ್ ಅದರ ಉಲ್ಟಾ. ಫೆಂಡರ್ ತನ್ನ ಹೆಸರಿನ ಗಿಟಾರನ್ನು ಕ್ಯಾಲಿಫೋರ್ನಿಯಾದಲ್ಲೂ ಮಾಡಿಸಬಹುದು, ಮೆಕ್ಸಿಕೋದಲ್ಲೂ ಮಾಡಿಸಬಹುದು, ಹೆಸರು ಅದೇ.

ಮಿರಜಿನ ಸಿತಾರ್, ತಂಬೂರಿಗೂ 2024ರಲ್ಲಿ ಜಿಐ ಬಂತು. ತಂಬೂರಿಯ ಆಕಾರ ಯಾರ ಆಸ್ತಿಯೂ ಅಲ್ಲ, ಆದರೂ ಒಳ್ಳೆ ಮನೆತನದವರು ಮಾಡಿದ್ದಕ್ಕೆ ಜಾಸ್ತಿ ಬೆಲೆ. ಕೊಡುವವರು ಖುಷಿಯಿಂದ ಕೊಡುತ್ತಾರೆ.

ಇನ್ನು ಬಡಿಗಣ್ಣನ ವಿಷಯ. ನಿಮ್ಮ ಶಾಲೆಗೆ ನಾಲ್ಕು ಬಾಡಿ ಕೊರೆದುಕೊಟ್ಟರೆ ಯಾರೂ ಕೇಳುವುದಿಲ್ಲ. ಮಾರಲು ಹೊರಟರೆ ಮೂರು ಎಚ್ಚರಿಕೆ ಬೇಕು. ಫೆಂಡರ್, ಸ್ಟ್ರಾಟೊಕ್ಯಾಸ್ಟರ್ ಅನ್ನುವ ಹೆಸರು ಎಲ್ಲೂ ಹಾಕಬಾರದು. ತಲೆ ತನ್ನದೇ ಆಕಾರದಲ್ಲಿ ಕೊರೆಯಬೇಕು. ಮತ್ತು ಗಿರಾಕಿಗೆ ಇದು ಆ ಕಂಪನಿಯದೇ ಇರಬಹುದು ಅನ್ನಿಸುವ ಹಾಗೆ ಎಲ್ಲೂ ತೋರಿಸಬಾರದು. ನೋಂದಣಿ ಇಲ್ಲದಿದ್ದರೂ 'ಪಾಸಿಂಗ್ ಆಫ್', ಅಂದರೆ ತನ್ನ ಮಾಲನ್ನು ಬೇರೆಯವರದ್ದು ಅಂತ ದಾಟಿಸಿದ, ಅಂತ ದಾವೆ ಹಾಕಬಹುದು. ಅದರಲ್ಲಿ ಮುಖ್ಯ ಪ್ರಶ್ನೆ, ಗಿರಾಕಿ ಮೋಸ ಹೋಗುತ್ತಾನಾ ಇಲ್ಲವಾ ಅನ್ನುವುದು. ಬಾಡಿ ಆಕಾರದ ಬಗ್ಗೆ ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆಯೂ ಕಟ್ಟುನಿಟ್ಟು. ತಾಂತ್ರಿಕ ಕಾರಣಕ್ಕೆ ಬೇಕೇ ಬೇಕಾದ ಆಕಾರ, ವಸ್ತುವಿಗೆ ಮುಖ್ಯ ಬೆಲೆ ತರುವ ಆಕಾರ, ಇವನ್ನು ಟ್ರೇಡ್‌ಮಾರ್ಕ್ ಅಂತ ನೋಂದಾಯಿಸಲು 9ನೇ ಕಲಂ ಬಿಡುವುದಿಲ್ಲ.

ಸೆಟಪ್ ಮಾಮಾ (ಹೈದರಾಬಾದ್, ಊರು ಸೇಡಂ)

ಬಡಿಗಣ್ಣನಿಗೆ ನನ್ನದೂ ಒಂದು ಮಾತು. ಕಾಯ್ದೆಗಿಂತ ಫ್ರೆಟ್ ದೊಡ್ಡ ತಲೆನೋವು. ಬಾಡಿ ಕೊರೆಯುವುದು ಸುಲಭ. ನೆಕ್ ಒಳಗೆ ಅದರ ಬಾಗು ಸರಿಮಾಡುವ ಲೋಹದ ಸಲಾಕೆ (ಟ್ರಸ್ ರಾಡ್) ಕೂರಿಸಿ, ಇಪ್ಪತ್ತೊಂದೋ ಇಪ್ಪತ್ತೆರಡೋ ಫ್ರೆಟ್ ಸರಿಯಾದ ಜಾಗದಲ್ಲಿ ಕೊಯ್ದು, ಒಂದೇ ಮಟ್ಟಕ್ಕೆ ತರುವುದು ಬೇರೆಯೇ ವಿದ್ಯೆ. ಅರ್ಧ ಮಿಲಿಮೀಟರ್ ತಪ್ಪಿದರೂ ಸ್ವರ ತಪ್ಪುತ್ತದೆ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ, ತೂಕವೂ ಜಾಸ್ತಿ. ಫೆಂಡರ್‌ನವರು ಆಲ್ಡರ್, ಆಷ್ ಬಳಸುತ್ತಾರೆ, ಸ್ಕ್ವೈರ್‌ಗೆ ಪಾಪ್ಲರ್. ಎಲ್ಲಾ ಹಗುರ ಮರ.

ಆರ್ಕೆಸ್ಟ್ರಾ ಭಾಯಿ (ಕಲಬುರಗಿ)

ಇಷ್ಟು ಓದಿ ತಲೆ ಗಿರ್ ಅಂತು. ಹಾಗಾದರೆ ನೇರ ಗಿಬ್ಸನ್ ಅಂತ ಬರೆದಿರುವ ಚೀನಾ ಮಾಲು ಬರುತ್ತದಲ್ಲ, ಚಿಬ್ಸನ್ ಅಂತಾರೆ, ಅದು? ನಮ್ಮ ತಂಡದಲ್ಲೊಬ್ಬ ಮೂವತ್ತು ಸಾವಿರಕ್ಕೆ ತರಿಸಿದ್ದಾನೆ, ಹೆಮ್ಮೆಯಿಂದ ತಿರುಗುತ್ತಾನೆ.

ಕೋರ್ಟ್ ಕಾಕಾ (ಕಲಬುರಗಿ)

ಅದು ಸೀದಾ ಖೋಟಾ ಮಾಲು ಭಾಯಿ. ಆಕಾರದ ಚರ್ಚೆ ಅಲ್ಲಿಗೆ ಬರುವುದೇ ಇಲ್ಲ, ಹೆಸರೇ ಕದ್ದಿದ್ದಾರೆ. ಕಂಪನಿ ತನ್ನ ಟ್ರೇಡ್‌ಮಾರ್ಕನ್ನು ಕಸ್ಟಮ್ಸ್‌ನಲ್ಲಿ ದಾಖಲಿಸಿದ್ದರೆ, 2007ರ ನಿಯಮದ ಪ್ರಕಾರ ಬಂದರಿನಲ್ಲೇ ಹಿಡಿಯಬಹುದು. ಹಿಡಿದರೆ ಗಿಟಾರೂ ಹೋಯಿತು, ದುಡ್ಡೂ ಹೋಯಿತು.

ಬೀದರ ಬಾಸ್ (ಬೀದರ)

ಮೂವತ್ತು ಸಾವಿರಕ್ಕೆ ಒಳ್ಳೆ ಅಸಲಿ ಯಮಹಾ ಪೆಸಿಫಿಕಾ ಬರುತ್ತಿತ್ತಲ್ಲ. ಯಮಹಾದವರನ್ನು ನೋಡಿ. ಅಗ್ಗದ ಸಾಲಿಗೆ ಬೇರೆ ಹೆಸರೇ ಇಟ್ಟಿಲ್ಲ. ಕಡಿಮೆ ಬೆಲೆಯದ್ದಕ್ಕೂ ಯಮಹಾ, ಲಕ್ಷದ್ದಕ್ಕೂ ಯಮಹಾ. ಚೆನ್ನೈ ಹತ್ತಿರ ಕಾರ್ಖಾನೆಯನ್ನೂ ಹಾಕಿದ್ದಾರೆ. ಹೆಸರು ಒಂದೇ ಆದರೆ ಕೆಳಗಿನದು ಕೆಟ್ಟರೂ ಮರ್ಯಾದೆ ಪೂರ್ತಿ ಹೋಗುತ್ತದೆ, ಹಾಗಾಗಿ ಕೆಳಗಿನದನ್ನೂ ಜೋಪಾನವಾಗಿ ಮಾಡುತ್ತಾರೆ. ಇದು ನನ್ನ ಅಭಿಪ್ರಾಯ, ಸ್ಕ್ವೈರ್ ಪ್ರೇಮಿಗಳು ಬೈಯಬೇಡಿ.

ಹೊಸತಂತಿ (ಕಲಬುರಗಿ)

ಎಷ್ಟು ವಿಷಯ ತಿಳಿಯಿತು! ಲೈಸೆನ್ಸ್ ಬ್ರಿಡ್ಜ್ ಗಿಟಾರ್ ಬೇಡ ಅಂತ ಆಯಿತು. ಬಡಿಗಣ್ಣನಿಗೆ ಫ್ರೆಟ್ ವಿಷಯ ಹೇಳಿದೆ, "ಹಾಗಿದ್ರೆ ಸ್ಟ್ಯಾಂಡ್ ಮಾಡಿಕೊಡ್ತೀನಿ ಬಿಡಿ" ಅಂದರು.

ಈಗ ಉಳಿದದ್ದು ಎರಡೇ. ನಾಲ್ಕೂ ಅಗ್ಗದ್ದು ತೆಗೆದುಕೊಂಡು ಮಾಮಾ ಕಡೆ ಸೆಟಪ್ (ನೆಕ್, ತಂತಿ, ಬ್ರಿಡ್ಜ್ ಹೊಂದಿಸುವುದು) ಮಾಡಿಸಲಾ, ಅಥವಾ ನಾಲ್ಕೂ ಸ್ಕ್ವೈರ್ ತೆಗೆದುಕೊಳ್ಳಲಾ? ಆಮೇಲೆ ಸ್ಕ್ವೈರ್ ಅಸಲಿಯೇ ಅಂತ ಗೊತ್ತಾಗುವುದು ಹೇಗೆ?

ಸೆಟಪ್ ಮಾಮಾ (ಹೈದರಾಬಾದ್, ಊರು ಸೇಡಂ)

ನಾನಾದರೆ ಎರಡು ಸ್ಕ್ವೈರ್, ಎರಡು ಅಗ್ಗದ್ದು ತರುತ್ತೇನೆ. ಸ್ಕ್ವೈರ್‌ನ ನಿಜವಾದ ಲಾಭ ಎರಡು ವರ್ಷ ಬಿಟ್ಟು ಮಾರುವಾಗ ಗೊತ್ತಾಗುತ್ತದೆ. ಹೆಸರಿಗೆ ಕೊಟ್ಟ ದುಡ್ಡಿನಲ್ಲಿ ಸ್ವಲ್ಪ ಭಾಗ ವಾಪಸ್ ಬರುತ್ತದೆ. ಹೆಸರಿಲ್ಲದ್ದನ್ನು ಅರ್ಧಕ್ಕೆ ಕೊಟ್ಟರೂ ಗಿರಾಕಿ ಹುಡುಕಬೇಕು. ಆದರೆ ನುಡಿಸಲು ಮಾತ್ರ, ಸೆಟಪ್ ಆದ ಅಗ್ಗದ್ದು ಸೆಟಪ್ ಆಗದ ಸ್ಕ್ವೈರ್‌ಗಿಂತ ಎಷ್ಟೋ ವಾಸಿ. ಇದು ನನ್ನ ವ್ಯಾಪಾರದ ಮಾತಲ್ಲ. ಬೇಕಿದ್ದರೆ ಬೇರೆ ಯಾರ ಹತ್ತಿರವಾದರೂ ಮಾಡಿಸಿ, ಆದರೆ ಮಾಡಿಸಿ.

ಅಂಗಡಿಯಲ್ಲಿ ಹೀಗೆ ನೋಡಿ. ನೆಕ್ ಪಕ್ಕಕ್ಕೆ ಬೆರಳು ಸವರಿ, ಫ್ರೆಟ್ ತುದಿ ಚುಚ್ಚುತ್ತದಾ ನೋಡಿ. ಪ್ರತಿ ತಂತಿಯ ಪ್ರತಿ ಫ್ರೆಟ್ ಒಮ್ಮೆ ಒತ್ತಿ ನುಡಿಸಿ, ಸತ್ತ ಸ್ವರ ಅಥವಾ ಝರ್ ಅನ್ನುವ ಜಾಗ ಇದ್ದರೆ ಬೇರೆ ಪೀಸ್ ಕೇಳಿ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರವೂ ಅದೇ ಜಾಗದಲ್ಲಿ ಒತ್ತದೆ ಬೆರಳು ಸುಮ್ನೆ ತಾಗಿಸಿ ನುಡಿಸಿದ ಹಾರ್ಮೋನಿಕ್ಕೂ ಒಂದೇ ಇರಬೇಕು. ಇಲ್ಲದಿದ್ದರೆ ಬ್ರಿಡ್ಜ್ ಸ್ಯಾಡಲ್ ಹಿಂದೆ ಮುಂದೆ ಮಾಡಿ ಸರಿಮಾಡಬಹುದು, ಅದಕ್ಕೆ ಗಾಬರಿ ಬೇಡ. ಫ್ರೆಟ್ ಎತ್ತರ ತಗ್ಗು ಇದ್ದರೆ ಮಾತ್ರ ಖರ್ಚು ಜಾಸ್ತಿ.

ನಮ್ಮ ಕಡೆಯ ಬಿಸಿಲಿನ ಬಗ್ಗೆಯೂ ನೆನಪಿರಲಿ. ಕಲಬುರಗಿಯ ಮೇ ತಿಂಗಳಿನಲ್ಲಿ 42 ಡಿಗ್ರಿ ದಾಟಿದರೆ ಗಾಳಿ ಪೂರ್ತಿ ಒಣಗುತ್ತದೆ. ಫ್ರೆಟ್‌ಬೋರ್ಡಿನ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿಗಳು ಹೊರಗೆ ಇಣುಕಿ ಬೆರಳು ಗೀರುತ್ತವೆ. ಇದು ಎಷ್ಟು ದೊಡ್ಡ ಹೆಸರಿನ ಗಿಟಾರಿಗೂ ತಪ್ಪಿದ್ದಲ್ಲ. ಕೂಲರ್ ಮುಂದೆ ನೇರವಾಗಿ ಇಡಬೇಡಿ, ಟ್ರಂಕಿನಂತಹ ಕಾರಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ. ಬೇಸಿಗೆ ಮೊದಲು ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಟ್ರಸ್ ರಾಡ್ ನೋಡಿಸಿ.

ಕೋರ್ಟ್ ಕಾಕಾ (ಕಲಬುರಗಿ)

ಅಸಲಿ ನೋಡುವುದಕ್ಕೆ ನನ್ನದೊಂದು ಸೇರಿಸುತ್ತೇನೆ. ಡಬ್ಬದ ಮೇಲಿನ ಚೀಟಿ ಓದಿ. ಹೊರದೇಶದಿಂದ ತಂದ ಮಾಲಿನ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು, ಎಂಆರ್‌ಪಿ ಎಷ್ಟು ಅಂತ ಇರಲೇಬೇಕು. ಇದು ಅಳತೆ ಮತ್ತು ತೂಕದ ಕಾಯ್ದೆಯ ಕಡ್ಡಾಯ ನಿಯಮ. ಚೀಟಿ ಇಲ್ಲ ಅಂದರೆ ಅಂಗಡಿಯವರಿಗೆ ಕಾರಣ ಕೇಳಿ. ಹಿಂದಿನ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಲ್ಲು ಶಾಲೆಯ ಹೆಸರಿಗೇ ಇರಲಿ, ಕಚ್ಚಾ ಚೀಟಿಗೆ ಒಪ್ಪಬೇಡಿ.

ಯಾದಗಿರಿ ಹುಡುಗ (ಯಾದಗಿರಿ)

ಅಕ್ಕಾ, ನನ್ನ ಮತ ಇನ್ನೂ ನಾಲ್ಕೂ ಅಗ್ಗದ್ದಕ್ಕೇ. ಮಾರುವ ಮಾತು ಈಗಲೇ ಯಾಕೆ? ಶಾಲೆಯ ಗಿಟಾರ್ ಅಂದರೆ ಬೀಳುತ್ತವೆ, ಕೆತ್ತುತ್ತವೆ, ಬಣ್ಣ ಹೋಗುತ್ತದೆ. ಯಾರು ಕೊಳ್ಳುತ್ತಾರೆ ಅದನ್ನು?

ಹೊಸತಂತಿ (ಕಲಬುರಗಿ)

ಅದೂ ನಿಜ ತಮ್ಮಾ. ಮನೆಯಲ್ಲಿ, ಶಾಲೆಯಲ್ಲಿ ಎಲ್ಲರ ಜೊತೆ ಕೂತು ಮಾತಾಡಿದೆವು. ಒಂದು ಸ್ಕ್ವೈರ್ ಅಫಿನಿಟಿ ತರುತ್ತೇವೆ, ಅದು ಕಾರ್ಯಕ್ರಮಕ್ಕೆ ಮತ್ತು ಸ್ವಲ್ಪ ಮುಂದೆ ಹೋದ ಮಕ್ಕಳಿಗೆ. ಮೂರು ಅಗ್ಗದ್ದು, ಸ್ಟ್ರಾಟ್ ಆಕಾರದ್ದೇ, ಸಾದಾ ಬ್ರಿಡ್ಜ್ ಇರುವಂಥದ್ದು. ಉಳಿದ ದುಡ್ಡು ನಾಲ್ಕರ ಸೆಟಪ್ಪಿಗೆ ಮತ್ತು ಭಾಯಿ ಹೇಳಿದ ಆಂಪಿಗೆ. ಮುಂದಿನ ವಾರ ರೈಲಿನಲ್ಲಿ ಹೈದರಾಬಾದಿಗೆ ಹೋಗುತ್ತೇವೆ. ಮಾಮಾ, ಮಕ್ಕಳ ಬೆರಳಿಗೆ ಯಾವ ತಂತಿ ಹಾಕಿಸಲಿ?

ಸೆಟಪ್ ಮಾಮಾ (ಹೈದರಾಬಾದ್, ಊರು ಸೇಡಂ)

9–42 ಅನ್ನುವ ತೆಳ್ಳನೆಯ ತಂತಿ ಸೆಟ್ ಸಾಕು. ಸೆಟಪ್‌ಗೆ ಕೊಡುವ ಮೊದಲೇ ಯಾವ ತಂತಿ ಅಂತ ಹೇಳಿ, ಆಮೇಲೆ ಬದಲಿಸಿದರೆ ನೆಕ್ ಮತ್ತೆ ಸರಿಮಾಡಬೇಕಾಗುತ್ತದೆ. ಬಿಡಿ ಮೊದಲ ತಂತಿ ಒಂದಷ್ಟು ಜಾಸ್ತಿ ತೆಗೆದುಕೊಳ್ಳಿ, ಹೊಸ ಹುಡುಗರು ಅದನ್ನೇ ಹರಿಯುವುದು.